ಇಂಗ್ಲಿಷ್ ಬರೆಯುವಾಗ ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ. ಸರಿಪಡಿಸೋದು ಹೇಗೆ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ದಾವಣಗೆರೆಯಲ್ಲಿ ಬಿ.ಕಾಂ., ಅಸೈನ್‌ಮೆಂಟ್ ತುಂಬ ‘ಇನ್‌ಕಂಪ್ಲೀಟ್ ಸೆಂಟೆನ್ಸ್’ ಅಂತ ಕೆಂಪು ಗುರುತು ಅಂದಿದ್ದೀರಿ. ನಾನು ಇದೇ ಊರಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಈ ತಪ್ಪನ್ನು ದಿನಾ ನೋಡುತ್ತೇನೆ. ಇದನ್ನು ಹಿಡಿಯುವ ಕಿವಿ ನಿಮಗೆ ಈಗಾಗಲೇ ಇದೆ.

‘ವೆನ್ ವಿ ವೆಂಟ್ ಟು ಸೀ ದ ಫೋರ್ಟ್.’ ಇದನ್ನು ಕನ್ನಡದಲ್ಲಿ ಜೋರಾಗಿ ಹೇಳಿ ನೋಡಿ: ‘ನಾವು ಕೋಟೆ ನೋಡಲು ಹೋದಾಗ.’ ಇಷ್ಟು ಹೇಳಿ ಯಾರಾದರೂ ಸುಮ್ಮನಾದರೆ ‘ಹೋದಾಗ ಏನಾಯ್ತು?’ ಅಂತ ಕೇಳ್ತೀರಿ, ಅಲ್ವಾ? ಇಫ್, ಆಲ್ದೋ, ಆಫ್ಟರ್ ಎಲ್ಲ ಹೀಗೇ. ಹೋದರೆ, ಹೋದರೂ, ಹೋದ ಮೇಲೆ. ಮುಂದಿನ ಮಾತು ಬರುವವರೆಗೆ ಫುಲ್‌ಸ್ಟಾಪ್ ಇಡಬೇಡಿ.

ಬಿಕಾಸ್ ಮಾತ್ರ ಮೋಸ ಮಾಡುತ್ತದೆ. ಕನ್ನಡದಲ್ಲಿ ‘ಯಾಕಂದ್ರೆ’ ಅಂತ ಹೊಸ ವಾಕ್ಯವನ್ನೇ ಶುರು ಮಾಡುತ್ತೇವೆ, ಹಾಗಾಗಿ ಕಿವಿಗೆ ತಪ್ಪು ಕೇಳಿಸುವುದಿಲ್ಲ. ‘ದಾವಣಗೆರೆ ವಾಸ್ ಕಾಲ್ಡ್ ದ ಮ್ಯಾಂಚೆಸ್ಟರ್ ಆಫ್ ಕರ್ನಾಟಕ. ಬಿಕಾಸ್ ಇಟ್ ಹ್ಯಾಡ್ ಮೆನಿ ಕಾಟನ್ ಮಿಲ್ಸ್.’ ಇಲ್ಲಿ ನಡುವಿನ ಫುಲ್‌ಸ್ಟಾಪ್ ತೆಗೆದರೆ ಸಾಕು, ಎರಡೂ ಸೇರಿ ಒಂದೇ ವಾಕ್ಯ. ಬಿಕಾಸ್ ಭಾಗವನ್ನು ಮೊದಲು ಬರೆದರೆ ನಡುವೆ ಕಾಮಾ ಹಾಕಿ. ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು ಅಂತ ಕೆಲವರು ಹೇಳಿಕೊಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಮಾತು ಪೂರ್ತಿಯಾಗಿದ್ದರೆ ಧಾರಾಳವಾಗಿ ಶುರು ಮಾಡಿ.

ಇನ್ನೊಂದು, ‘ಇಂಗ್’ ಸೇರಿದ ಕ್ರಿಯಾಪದ. ‘ದಾವಣಗೆರೆ ಬಿಕಮಿಂಗ್ ಎ ಸೆಪರೇಟ್ ಡಿಸ್ಟ್ರಿಕ್ಟ್ ಇನ್ 1997.’ ಕ್ರಿಯಾಪದ ಇದ್ದ ಹಾಗೇ ಕಾಣುತ್ತದೆ. ಆದರೆ ಈಸ್, ವಾಸ್ ಥರದ್ದು ಜೊತೆಗಿಲ್ಲದೆ ಅದೊಂದೇ ವಾಕ್ಯವನ್ನು ಹೊರುವುದಿಲ್ಲ. ಇಲ್ಲಿ ‘ಬಿಕೇಮ್’ ಅಂತ ಬರೆದರೆ ಮುಗಿಯಿತು. ‘ವಿಚ್ ಹ್ಯಾಸ್ ಸೆವೆನ್ ರಿಂಗ್ಸ್ ಆಫ್ ವಾಲ್ಸ್’ ಅನ್ನೋದೂ ಒಂಟಿಯಾಗಿ ನಿಲ್ಲದು. ಹಿಂದಿನ ‘ಚಿತ್ರದುರ್ಗ ಫೋರ್ಟ್’ಗೆ ಕಾಮಾ ಹಾಕಿ ಅಂಟಿಸಿ, ಆಮೇಲೆ ಕೋಟೆ ಬಗ್ಗೆ ಏನು ಹೇಳಬೇಕೋ ಅದನ್ನು ಹೇಳಿ.

ಕನ್ನಡದ ಕಿವಿ ಕೈಕೊಡುವ ಜಾಗ ಇನ್ನೂ ಎರಡಿವೆ. ‘ನಮ್ಮೂರು ದಾವಣಗೆರೆ’ ಅನ್ನೋದರಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಕನ್ನಡದಲ್ಲಿ ಅದು ಪೂರ್ತಿ ವಾಕ್ಯ. ಇಂಗ್ಲಿಷ್‌ಗೆ ‘ಈಸ್’ ಬೇಕೇ ಬೇಕು. ‘ನಿನ್ನೆ ದುರ್ಗಕ್ಕೆ ಹೋಗಿದ್ದೆ’ ಅಂದರೆ ಹೋದವರು ಯಾರು ಅಂತ ಕ್ರಿಯಾಪದದ ಕೊನೆಯೇ ಹೇಳುತ್ತದೆ. ಇಂಗ್ಲಿಷ್‌ನ ‘ವೆಂಟ್’ ಅದನ್ನು ಹೇಳುವುದಿಲ್ಲ, ‘ಐ’ ಬಿಡಬೇಡಿ. ‘ಕಮ್ ಹಿಯರ್’ ಥರದ ಆಜ್ಞೆಗಳಿಗೆ ಮಾತ್ರ ಈ ನಿಯಮ ಇಲ್ಲ.

ಬರೆದು ಮುಗಿಸಿದ ಮೇಲೆ ಕೊನೆಯ ವಾಕ್ಯದಿಂದ ಮೇಲಕ್ಕೆ ಒಂದೊಂದನ್ನೇ ಓದಿ. ಮೇಲಿಂದ ಓದಿದರೆ ಹಿಂದಿನ ವಾಕ್ಯದ ಅರ್ಥ ಮನಸ್ಸಿನಲ್ಲಿ ಇರುತ್ತದೆ, ಅರ್ಧ ವಾಕ್ಯವೂ ಪೂರ್ತಿಯೇ ಅನ್ನಿಸಿಬಿಡುತ್ತದೆ. ಕೆಳಗಿಂದ ಓದಿದರೆ ಅದು ಒಂಟಿಯಾಗಿ ಸಿಕ್ಕಿಬೀಳುತ್ತದೆ. ಹಾಗಂತ ಹೆದರಿ ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಸೇರಿಸಬೇಡಿ, ಅದೂ ತಪ್ಪೇ. ನಡುವೆ ಆ್ಯಂಡ್, ಬಟ್, ಸೋ ಹಾಕಿ.

ಮುಂದಿನ ಅಸೈನ್‌ಮೆಂಟಿನ ಒಂದು ಪ್ಯಾರಾ ಕಾಮೆಂಟಿನಲ್ಲಿ ಹಾಕಿ, ಖಂಡಿತ ನೋಡಿ ಹೇಳುತ್ತೇನೆ.