‘ಘರ್ಷಣೆ’ಯ ಎರಡು ಅರ್ಥಗಳು: ಲೇಖನ ಕಳುಹಿಸಿದವರಿಗೆ ಒಂದು ಪತ್ರ

ಆತ್ಮೀಯರೇ,

‘ಗೆಲಾಕ್ಸಿಗಳ ಮಹಾಯುದ್ಧ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ನಮ್ಮ ಆಕಾಶಗಂಗೆಯೂ ದೇವಯಾನಿ ಗೆಲಾಕ್ಸಿಯೂ ಮುಂದೊಂದು ದಿನ ಅಪ್ಪಳಿಸಿಕೊಂಡು, ಕೋಟ್ಯಂತರ ನಕ್ಷತ್ರಗಳು ಸಿಡಿದು, ಭೂಮಿ ಪುಡಿಪುಡಿಯಾಗುವ ದೃಶ್ಯವನ್ನು ನೀವು ಕುರುಕ್ಷೇತ್ರಕ್ಕೆ ಹೋಲಿಸಿ ಬರೆದಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ವಿಷಯದ ಮೇಲೆ ನಿಮಗಿರುವ ಪ್ರೀತಿ ಪುಟಪುಟದಲ್ಲೂ ಕಾಣುವುದರಿಂದ ಒಂದು ಸಾಲಿನ ವಿಷಾದಪತ್ರ ಕಳುಹಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಏಕೆ ಆಗದು, ಹೇಗೆ ಬರೆದರೆ ಆದೀತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಲೇಖನದಲ್ಲಿ ‘ಘರ್ಷಣೆ’ ಎಂಬ ಪದ ಹತ್ತೊಂಬತ್ತು ಸಲ ಬಂದಿದೆ, ಮತ್ತು ಅಷ್ಟೂ ಸಲ ಕಾದಾಟ ಎಂಬ ಅರ್ಥದಲ್ಲಿಯೇ ಬಂದಿದೆ. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಘರ್ಷಣೆ ಎಂದರೆ ಜಗಳವಲ್ಲ, ಚಲಿಸುವ ವಸ್ತುವನ್ನು ತಡೆದು ನಿಧಾನಗೊಳಿಸುವ ತಿಕ್ಕಾಟ. ಗೆಲಾಕ್ಸಿಗಳ ವಿಚಾರದಲ್ಲಿ ನೀವು ಬಳಸಿದ ಅರ್ಥ ಬಹುಮಟ್ಟಿಗೆ ತಪ್ಪು, ಬಳಸದೆ ಬಿಟ್ಟ ಅರ್ಥವೇ ಸರಿ. ಈ ಒಂದು ಮಾತನ್ನು ನೀವು ಮನಸ್ಸಿಗೆ ತೆಗೆದುಕೊಂಡರೆ ಲೇಖನದ ಅರ್ಧದಷ್ಟು ತೊಂದರೆಗಳು ತಾವಾಗಿಯೇ ಬಿಟ್ಟುಹೋಗುತ್ತವೆ.

ಮೊದಲು ಕಾದಾಟದ ಮಾತನ್ನು ನೋಡೋಣ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್; ಅವನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಇರುವುದು 4.2 ಜ್ಯೋತಿರ್ವರ್ಷ ದೂರದಲ್ಲಿ. ಸೂರ್ಯನನ್ನು ಎರಡು ಮಿಲಿಮೀಟರಿನ ಒಂದು ಸಾಸಿವೆ ಕಾಳು ಎಂದುಕೊಂಡು ಬೆಂಗಳೂರಿನಲ್ಲಿಟ್ಟರೆ, ಪಕ್ಕದ ಕಾಳನ್ನು ಇಡಲು ಹೆಚ್ಚುಕಡಿಮೆ ಚಿಕ್ಕಬಳ್ಳಾಪುರದವರೆಗೆ ಹೋಗಬೇಕಾಗುತ್ತದೆ. ನಡುವೆ ಇರುವುದೆಲ್ಲ ಬಯಲು. ಇಷ್ಟು ವಿರಳವಾಗಿ ಹರಡಿದ ಸಾಸಿವೆಗಳ ಎರಡು ಗುಂಪುಗಳು ಒಂದರೊಳಗೊಂದು ಹಾದುಹೋದರೆ ಕಾಳಿಗೆ ಕಾಳು ತಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಿಮ್ಮ ಮೂರನೆಯ ಪುಟದಲ್ಲಿ ‘ಸೂರ್ಯರು ಸೂರ್ಯರಿಗೆ ಬಡಿದು’ ಎಂದು ಆರಂಭವಾಗುವ ಇಡೀ ಭಾಗವನ್ನು ತೆಗೆದುಹಾಕಬೇಕು. ಅದು ನಿಮ್ಮ ಅತ್ಯಂತ ಓಟವುಳ್ಳ ಗದ್ಯವೆಂದು ನನಗೆ ಗೊತ್ತಿದೆ. ಆದರೂ ಅದು ಹೋಗಲೇಬೇಕು.

ಹಾಗಾದರೆ ಗೆಲಾಕ್ಸಿಗಳು ಸಂಧಿಸುವುದು ಅಪರೂಪವೇ ಎಂದು ಓದುಗರು ಕೇಳುತ್ತಾರೆ. ಅಪರೂಪವಲ್ಲ, ಮತ್ತು ಅದರ ಕಾರಣ ನಿಮ್ಮ ಲೇಖನದಲ್ಲಿ ಇರಲೇಬೇಕಾಗಿತ್ತು. ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ದೇವಯಾನಿ ಇರುವ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಗೆಲಾಕ್ಸಿ ಒಂದು ಅಡಿ ಅಗಲದ ಊಟದ ತಟ್ಟೆಯಾದರೆ ಮುಂದಿನ ದೊಡ್ಡ ತಟ್ಟೆ ಇಪ್ಪತ್ತೈದು ಅಡಿ ದೂರದಲ್ಲಿದೆ, ಅಂದರೆ ಮದುವೆಮನೆಯ ಒಂದೇ ಪಂಕ್ತಿಯಲ್ಲಿ. ನಕ್ಷತ್ರಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ಪರಸ್ಪರ ಕೋಟಿಗಟ್ಟಲೆ ಪಟ್ಟು ದೂರದಲ್ಲಿವೆ. ಗೆಲಾಕ್ಸಿಗಳ ನಡುವಿನ ದೂರ ಅವುಗಳ ಗಾತ್ರದ ಕೆಲವೇ ಹತ್ತು ಪಟ್ಟು. ತಟ್ಟೆಗೆ ತಟ್ಟೆ ತಾಗುತ್ತದೆ, ಅದರ ಮೇಲಿನ ಸಾಸಿವೆಗೆ ಸಾಸಿವೆ ತಾಗುವುದಿಲ್ಲ. ಈ ವಿಷಯದ ಮೊದಲ ಬೆರಗು ಇದೇ, ಮತ್ತು ಇದಕ್ಕೆ ಯಾವ ಬ್ರಹ್ಮಾಸ್ತ್ರದ ಹೋಲಿಕೆಯೂ ಬೇಕಿಲ್ಲ.

ನಿಜಕ್ಕೂ ಢಿಕ್ಕಿ ಹೊಡೆಯುವುದು ನಕ್ಷತ್ರಗಳ ನಡುವೆ ತುಂಬಿರುವ ಅನಿಲ. ಅನಿಲದ ಮೋಡಗಳು ಹತ್ತಾರು, ಕೆಲವೊಮ್ಮೆ ನೂರಾರು ಜ್ಯೋತಿರ್ವರ್ಷ ಅಗಲವಿರುವುದರಿಂದ ಅವು ಒಂದನ್ನೊಂದು ತಪ್ಪಿಸಿಕೊಂಡು ಹೋಗಲಾರವು. ಒತ್ತಿಕೊಳ್ಳುತ್ತವೆ, ಬಿಸಿಯಾಗುತ್ತವೆ, ಶಕ್ತಿಯನ್ನು ಬೆಳಕಾಗಿ ಹೊರಸೂಸಿ ತಣಿದು ಕುಸಿಯುತ್ತವೆ, ಕುಸಿದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ನೀವು ಸಾವಿನ ದೃಶ್ಯವೆಂದು ವರ್ಣಿಸಿದ ಜಾಗದಲ್ಲಿ ನಡೆಯುತ್ತಿರುವುದು ಹೆರಿಗೆ. ನೀವೇ ಚಿತ್ರ ಲಗತ್ತಿಸಿರುವ ಆಂಟೆನಾ ಗೆಲಾಕ್ಸಿಗಳನ್ನು, ಅಂದರೆ ಎನ್‌ಜಿಸಿ 4038 ಮತ್ತು 4039 ಎಂಬ ಜೋಡಿಯನ್ನು, ಇನ್ನೊಮ್ಮೆ ಗಮನವಿಟ್ಟು ನೋಡಿ. ಎರಡು ತಿರುಳುಗಳ ನಡುವೆ ಅಲ್ಲಲ್ಲಿ ಹೊಳೆಯುವ ನೀಲಿ ಗಂಟುಗಳು ಹೊಸ ನಕ್ಷತ್ರಗುಚ್ಛಗಳು. ಹಬಲ್ ದೂರದರ್ಶಕ ಅಂಥವನ್ನು ಅಲ್ಲಿ ಸಾವಿರಕ್ಕೂ ಮಿಕ್ಕಿ ಗುರುತಿಸಿದೆ. ಚಿತ್ರದ ಕೆಳಗೆ ನೀವು ಬರೆದಿರುವ ‘ರಣರಂಗದ ಬೆಂಕಿ’ ಎಂಬ ಅಡಿಬರಹವನ್ನು ಓದಿದವರು ಆ ನೀಲಿ ಗಂಟುಗಳನ್ನು ತಪ್ಪಾಗಿಯೇ ನೋಡುತ್ತಾರೆ.

ಅದೇ ಜೋಡಿಯಿಂದ ಎರಡು ಕಡೆಗೆ ಜಿರಲೆಯ ಮೀಸೆಯಂತೆ ಚಾಚಿರುವ ಉದ್ದನೆಯ ಬಾಲಗಳನ್ನು ನೀವು ‘ಗಾಯಗಳು’ ಎಂದು ಕರೆದು ಮುಂದೆ ಸಾಗಿದ್ದೀರಿ. ಇಲ್ಲಿ ನನಗೆ ನಿಜವಾಗಿಯೂ ಬೇಸರವಾಯಿತು, ಏಕೆಂದರೆ ಅಘನಾಶಿನಿಯ ಅಳಿವೆಯ ಹತ್ತಿರ ಮನೆಯಿದೆಯೆಂದು ಲೇಖನದ ಜೊತೆಗಿನ ಪತ್ರದಲ್ಲಿ ನೀವೇ ತಿಳಿಸಿದ್ದೀರಿ. ದಿನಕ್ಕೆರಡು ಬಾರಿ ಕಡಲ ನೀರು ಹೊಳೆಯೊಳಗೆ ಏರಿ ಇಳಿಯುವುದನ್ನು ಹುಟ್ಟಿದಾಗಿನಿಂದ ಕಂಡವರು ನೀವು. ಚಂದ್ರ ತನ್ನತ್ತ ಇರುವ ಕಡಲನ್ನು ಭೂಮಿಯ ನಡುವಿಗಿಂತ ತುಸು ಹೆಚ್ಚು ಸೆಳೆಯುತ್ತಾನೆ, ಆಚೆ ಬದಿಯ ಕಡಲನ್ನು ತುಸು ಕಡಿಮೆ ಸೆಳೆಯುತ್ತಾನೆ. ಈ ವ್ಯತ್ಯಾಸದಿಂದ ನೀರು ಎರಡೂ ಬದಿಗೆ ಉಬ್ಬುತ್ತದೆ. ಒಂದು ಗೆಲಾಕ್ಸಿ ಇನ್ನೊಂದರ ಸಮೀಪ ಹಾದಾಗ ನಡೆಯುವುದೂ ಇದೇ ಉಬ್ಬರ. ಆದರೆ ಗೆಲಾಕ್ಸಿಯ ಅಂಚಿನ ನಕ್ಷತ್ರಗಳು ತಿರುಗುತ್ತಲೂ ಇರುತ್ತವೆ. ಹಾಗಾಗಿ ಉಬ್ಬಿದ ಭಾಗ ಹಾಗೆಯೇ ನಿಲ್ಲದೆ ಈಚೆಗೆ ಸೇತುವೆಯಾಗಿಯೂ ಆಚೆಗೆ ಬಾಲವಾಗಿಯೂ ಲಕ್ಷಾಂತರ ಜ್ಯೋತಿರ್ವರ್ಷದವರೆಗೆ ಎಳೆದುಕೊಂಡು ಹೋಗುತ್ತದೆ. ನಗರದ ಓದುಗರಿಗೆ ಉಬ್ಬರವೆಂಬುದು ಪುಸ್ತಕದ ಪದ, ನಿಮಗೆ ಅದು ಮನೆಯ ಮುಂದಿನ ನೀರು. ಅಳಿವೆಯಿಂದ ಆರಂಭಿಸಿ ಆಂಟೆನಾದ ಬಾಲದವರೆಗೆ ನೀವು ಒಂದು ಪುಟ ಬರೆದರೆ, ಅಂಥದನ್ನು ಈ ಕಚೇರಿಯಲ್ಲಿ ಕುಳಿತ ನಾವು ಯಾರೂ ಬರೆಯಲಾರೆವು.

ಇನ್ನೊಂದು ಕೊರತೆಯೆಂದರೆ, ನಿಮ್ಮ ಲೇಖನದಲ್ಲಿ ನೋಡುವ ಮನುಷ್ಯರೇ ಇಲ್ಲ. ‘ವಿಜ್ಞಾನಿಗಳು ಹೇಳುತ್ತಾರೆ’ ಎಂಬ ವಾಕ್ಯ ಏಳು ಕಡೆ ಇದೆ. ಯಾವ ವಿಜ್ಞಾನಿ, ಎಲ್ಲಿ, ಏನು ಮಾಡಿ ಹೇಳಿದರು ಎಂಬುದು ಒಂದು ಕಡೆಯೂ ಇಲ್ಲ. ಎರಿಕ್ ಹೋಲ್ಮ್‌ಬರ್ಗ್ ಅವರ ಕಥೆಯನ್ನು ನೀವು ಹೇಗೆ ಬಿಟ್ಟಿರೋ ತಿಳಿಯದು. ಕಂಪ್ಯೂಟರುಗಳಿಲ್ಲದ 1941ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿದ್ದ ಈ ಖಗೋಳಜ್ಞರಿಗೆ ಎರಡು ಗೆಲಾಕ್ಸಿಗಳು ಹತ್ತಿರ ಬಂದರೆ ಏನಾಗುತ್ತದೆಂದು ಲೆಕ್ಕ ಹಾಕಬೇಕಿತ್ತು. ಪ್ರತಿಯೊಂದು ಕಣವನ್ನೂ ಉಳಿದೆಲ್ಲ ಕಣಗಳು ಎಷ್ಟು ಸೆಳೆಯುತ್ತವೆಂದು ಕೈಯಲ್ಲಿ ಕೂಡಿಸುವುದು ಸಾಧ್ಯವಿರಲಿಲ್ಲ. ಆಗ ಅವರು ಗಮನಿಸಿದ್ದು, ದೂರ ಇಮ್ಮಡಿಯಾದರೆ ಗುರುತ್ವ ಕಾಲುಭಾಗಕ್ಕೆ ಇಳಿಯುವಂತೆಯೇ ಬೆಳಕೂ ಇಳಿಯುತ್ತದೆ ಎಂಬುದನ್ನು. ಒಂದೊಂದು ಗೆಲಾಕ್ಸಿಗೆ 37ರಂತೆ ಒಟ್ಟು 74 ವಿದ್ಯುತ್ ಬಲ್ಬುಗಳನ್ನು ಜೋಡಿಸಿ, ಪ್ರತಿ ಬಲ್ಬಿನ ಜಾಗದಲ್ಲಿ ಯಾವ ದಿಕ್ಕಿನಿಂದ ಎಷ್ಟು ಬೆಳಕು ಬೀಳುತ್ತದೆಂದು ದ್ಯುತಿಕೋಶದಿಂದ ಅಳೆದು, ಆ ಅಳತೆಯನ್ನೇ ಸೆಳೆತವೆಂದು ಹಿಡಿದು, ಬಲ್ಬುಗಳನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ, ಮತ್ತೆ ಅಳೆಯುತ್ತ ಹೋದರು. ಬಲ್ಬುಗಳ ಆ ದುಂಡು ಗುಂಪುಗಳು ನಿಧಾನವಾಗಿ ಆಕಾರ ಕೆಟ್ಟು ತೋಳುಗಳನ್ನು ಚಾಚಿದವು. ಗೆಲಾಕ್ಸಿಗಳು ಒಂದನ್ನೊಂದು ಸೆರೆಹಿಡಿಯಬಲ್ಲವು ಎಂಬುದಕ್ಕೂ ಅವರಿಗೆ ಅಲ್ಲಿ ಆಧಾರ ಸಿಕ್ಕಿತು. ದೀಪಗಳನ್ನು ಸರಿಸಿ ಗೆಲಾಕ್ಸಿಗಳನ್ನು ನಡೆಸಿದ ಈ ಮನುಷ್ಯರ ಮುಂದೆ ನಿಮ್ಮ ಅಕ್ಷೋಹಿಣಿಗಳು ಸಪ್ಪೆ ಎಂದು ನನಗನ್ನಿಸುತ್ತದೆ.

ಅಲ್ಲಿಂದ ಮುಂದಕ್ಕೆ ಹಾಲ್ಟನ್ ಆರ್ಪ್ ಅವರು 1966ರಲ್ಲಿ 338 ವಿಲಕ್ಷಣ ಗೆಲಾಕ್ಸಿಗಳ ಚಿತ್ರಸಂಪುಟ ಪ್ರಕಟಿಸಿದ್ದನ್ನೂ, 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಎಂಬ ಸೋದರರು ಅಂಥ ಬಾಲಗಳನ್ನು ಬರಿಯ ಗುರುತ್ವದಿಂದಲೇ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದ್ದನ್ನೂ ನಾಲ್ಕೈದು ವಾಕ್ಯಗಳಲ್ಲಿ ಹೇಳಿದರೆ ಸಾಕು. ಅಷ್ಟು ತೆಳ್ಳಗಿನ ಬಾಲಗಳನ್ನು ಗುರುತ್ವ ಎಳೆಯಲಾರದೆಂದು ಅದುವರೆಗೆ ಅನೇಕರು ನಂಬಿದ್ದರೆಂಬುದನ್ನು ಮರೆಯಬೇಡಿ. ಆ ಸಂಶಯವಿದ್ದುದರಿಂದಲೇ ಸೋದರರ ಕೆಲಸಕ್ಕೆ ಬೆಲೆ.

ಈಗ ಘರ್ಷಣೆಯ ಎರಡನೆಯ ಅರ್ಥಕ್ಕೆ ಬರುತ್ತೇನೆ. ನಕ್ಷತ್ರಗಳು ಒಂದಕ್ಕೊಂದು ತಾಗದೆ ಹಾದುಹೋಗುವುದಾದರೆ, ಗೆಲಾಕ್ಸಿಗಳು ಒಂದರೊಳಗೊಂದು ನುಸುಳಿ ಆಚೆಗೆ ಹೊರಟುಹೋಗಬೇಕಲ್ಲವೇ? ಅವು ಏಕೆ ನಿಲ್ಲುತ್ತವೆ, ಏಕೆ ಒಂದಾಗುತ್ತವೆ? ‘ಗುರುತ್ವದ ಬಲೆಯಲ್ಲಿ ಸಿಲುಕುತ್ತವೆ’ ಎಂದು ನೀವು ಬರೆದಿರುವುದು ಉತ್ತರವಲ್ಲ. ಬಾಣಲೆಯ ಅಂಚಿನಿಂದ ಜಾರಿಬಿಟ್ಟ ಗೋಲಿ ತಳದಲ್ಲಿ ನಿಲ್ಲದೆ ಎದುರಿನ ಅಂಚಿಗೆ ಏರುವಂತೆ, ಸೆಳೆತದಿಂದ ಒಳಗೆ ಬಿದ್ದದ್ದು ಅದೇ ವೇಗದಿಂದ ಹೊರಗೂ ಹೋಗುತ್ತದೆ. ಗೋಲಿ ಕೊನೆಗೆ ತಳದಲ್ಲಿ ನಿಲ್ಲುವುದು ತಿಕ್ಕಾಟದಿಂದ. ತಾಗಲು ಏನೂ ಇಲ್ಲದ ಬಯಲಿನಲ್ಲಿ ಆ ತಿಕ್ಕಾಟ ಎಲ್ಲಿಂದ ಬಂತೆಂಬುದನ್ನು 1943ರಲ್ಲಿ ತೋರಿಸಿಕೊಟ್ಟವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ನಕ್ಷತ್ರಗಳ ನಡುವೆ ಸಾಗುವ ನಕ್ಷತ್ರವನ್ನು ಕುರಿತು ಅವರು ಮಾಡಿದ ಲೆಕ್ಕ ಗೆಲಾಕ್ಸಿಯ ಗಾತ್ರಕ್ಕೂ ಅನ್ವಯಿಸುತ್ತದೆ. ಭಾರವಾದ ಒಂದು ಕಾಯ ನಕ್ಷತ್ರಗಳ ಸಮೂಹದಲ್ಲಿ ಮುನ್ನಡೆದಾಗ ಇಕ್ಕೆಲದ ನಕ್ಷತ್ರಗಳು ಅದರ ಸೆಳೆತಕ್ಕೆ ಬಾಗಿ, ಅದು ಹಾದುಹೋದ ಮೇಲೆ ಅದರ ಬೆನ್ನ ಹಿಂದೆ ಒತ್ತಾಗಿ ಸೇರುತ್ತವೆ. ತೇರು ಮುಂದೆ ಸಾಗಿದಂತೆ ಹಿಂದೆ ಜನ ಕೂಡಿಕೊಳ್ಳುವ ಹಾಗೆ. ಆ ಹಿಂದಿನ ಒತ್ತಣೆ ಮುಂದಿನ ಕಾಯವನ್ನು ಹಿಂದಕ್ಕೆ ಸೆಳೆದು ನಿಧಾನಗೊಳಿಸುತ್ತದೆ. ಇದಕ್ಕೆ ಚಲನಶೀಲ ಘರ್ಷಣೆ ಎನ್ನಬಹುದು. ಗೆಲಾಕ್ಸಿಗಳನ್ನು ಸುತ್ತುವರಿದಿರುವ, ಕಣ್ಣಿಗೆ ಕಾಣದಿದ್ದರೂ ಸೆಳೆತವುಳ್ಳ ಕಪ್ಪುದ್ರವ್ಯವೇ ಈ ಹಿಂದೆಳೆತದ ಬಹುಪಾಲನ್ನು ಒದಗಿಸುತ್ತದೆ. ಜೋಡಿ ಒಮ್ಮೆ ಹಾದು, ದೂರ ಸರಿದು, ವೇಗ ಸಾಲದೆ ಮರಳಿ ಬಿದ್ದು, ಹತ್ತಾರು ಕೋಟಿಯಿಂದ ನೂರಾರು ಕೋಟಿ ವರ್ಷಗಳಲ್ಲಿ ಒಂದಾಗುತ್ತದೆ. ಕಳೆದುಕೊಂಡ ವೇಗವೆಲ್ಲ ಒಳಗಿನ ನಕ್ಷತ್ರಗಳ ಅಡ್ಡಾದಿಡ್ಡಿ ಓಟಕ್ಕೆ ಸೇರಿ, ಸಮಾನ ತೂಕದ ಎರಡು ಚಪ್ಪಟೆ ತಟ್ಟೆಗಳು ಕೊನೆಗೆ ಒಂದು ಉಬ್ಬಿದ ದೀರ್ಘವೃತ್ತಾಕಾರದ ಗೆಲಾಕ್ಸಿಯಾಗಿ ಉಳಿಯುತ್ತವೆ. ಈ ವಿವರಣೆಯಿಲ್ಲದ ಲೇಖನಕ್ಕೆ ನಡುವೇ ಇಲ್ಲ. ನಿಮ್ಮ ಹೊಸ ಲೇಖನದ ಅತಿ ಉದ್ದದ ಭಾಗ ಇದಾಗಿರಲಿ ಎಂಬುದು ನನ್ನ ಆಗ್ರಹ.

ಅಂಕಿಗಳ ವಿಚಾರ. ದೇವಯಾನಿ ನಮ್ಮತ್ತ ಸೆಕೆಂಡಿಗೆ 300 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆಯೆಂದು ಎರಡನೆಯ ಪುಟದಲ್ಲಿಯೂ, 110 ಕಿಲೋಮೀಟರ್ ಎಂದು ಐದನೆಯ ಪುಟದಲ್ಲಿಯೂ ಇದೆ. ಎರಡೂ ಸರಿ, ಆದರೆ ವಿವರಿಸದೆ ಬಿಟ್ಟರೆ ಎರಡೂ ತಪ್ಪಾಗಿ ಕಾಣುತ್ತವೆ. ಮೊದಲನೆಯದು ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಅವರು 1912ರಲ್ಲಿ ಸೂರ್ಯನನ್ನು ನೆಲೆಯಾಗಿಟ್ಟುಕೊಂಡು ಅಳೆದ ವೇಗ. ಸೂರ್ಯ ತಾನೇ ಆಕಾಶಗಂಗೆಯ ಸುತ್ತ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ, ಸದ್ಯಕ್ಕೆ ಬಹುಪಾಲು ಅದೇ ದಿಕ್ಕಿನತ್ತ ಓಡುತ್ತಿರುವುದರಿಂದ, ಆ ವೇಗದಲ್ಲಿ ದೇವಯಾನಿಯ ದಿಕ್ಕಿಗೆ ಸಲ್ಲುವ ಪಾಲನ್ನಷ್ಟೇ ಕಳೆದರೆ ಎರಡನೆಯದು ಸಿಗುತ್ತದೆ. ಇನ್ನು ‘ಇನ್ನು 400 ಕೋಟಿ ವರ್ಷಕ್ಕೆ ಢಿಕ್ಕಿ ಖಚಿತ’ ಎಂಬ ನಿಮ್ಮ ಮಾತು 2012ರಲ್ಲಿ ಹಬಲ್ ಅಳತೆಗಳನ್ನು ಆಧರಿಸಿ ಬಂದದ್ದು. 2025ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಲ್ ಸವಾಲಾ ಮತ್ತು ಸಂಗಡಿಗರು, ದೊಡ್ಡ ಮೆಗೆಲ್ಲಾನಿಕ್ ಮೋಡ ಮತ್ತು ಎಂ33 ಗೆಲಾಕ್ಸಿಗಳ ಸೆಳೆತವನ್ನೂ ಅಳತೆಗಳ ಅನಿಶ್ಚಿತತೆಯನ್ನೂ ಸೇರಿಸಿ ಲೆಕ್ಕ ಮಾಡಿದಾಗ, ಮುಂದಿನ 1000 ಕೋಟಿ ವರ್ಷಗಳಲ್ಲಿ ಇವೆರಡೂ ಒಂದಾಗುವ ಸಂಭವ ಸುಮಾರು ಶೇಕಡಾ 50 ಎಂದು ಕಂಡಿತು. ‘ಖಚಿತ’ ಎಂಬ ಪದ ಹೊಡೆದುಹಾಕಿ. ಭೂಮಿಯ ನಾಶವನ್ನೂ ಇದಕ್ಕೆ ಗಂಟುಹಾಕಬೇಡಿ; ಸುಮಾರು 500 ಕೋಟಿ ವರ್ಷಗಳಲ್ಲಿ ಸೂರ್ಯನೇ ಉಬ್ಬಿ ಕೆಂಪು ದೈತ್ಯನಾಗುವವನಿದ್ದಾನೆ.

ಪದಗಳಲ್ಲಿ ಒಂದು ಶಿಸ್ತು ಇರಲಿ. ಒಂದೇ ವಸ್ತುವಿಗೆ ಗೆಲಾಕ್ಸಿ, ನಕ್ಷತ್ರಪುಂಜ, ಬ್ರಹ್ಮಾಂಡ ಎಂದು ಮೂರು ಹೆಸರು ಬಳಸಿದ್ದೀರಿ. ನಕ್ಷತ್ರಪುಂಜವೆಂದರೆ ಓದುಗರಿಗೆ ಮಹಾವ್ಯಾಧ, ವೃಶ್ಚಿಕಗಳೂ ನೆನಪಾಗುತ್ತವೆ. ಗೆಲಾಕ್ಸಿ ಎಂದೇ ಬರೆಯಿರಿ, ಆಕಾಶಗಂಗೆ ಎಂಬುದನ್ನು ನಮ್ಮದಕ್ಕೆ ಮೀಸಲಿಡಿ. ಕಪ್ಪುಕುಳಿಗಳ ಕುರಿತ ಕೊನೆಯ ಎರಡು ಪುಟ ಬೇರೆಯೇ ಲೇಖನ, ಇಲ್ಲಿ ಬೇಡ. ಅದರಿಂದ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು: ಎನ್‌ಜಿಸಿ 7733 ಮತ್ತು 7734 ಎಂಬ ಜೋಡಿಯನ್ನು ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ಅಧ್ಯಯನ ಮಾಡುತ್ತಿದ್ದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡಕ್ಕೆ, ಒಂದರ ತೋಳಿನ ಮೇಲಿನ ಹೊಳೆಯುವ ಗಂಟು ನಿಜಕ್ಕೂ ಮೂರನೆಯ ಗೆಲಾಕ್ಸಿಯೆಂದು ತಿಳಿದುಬಂತು. ಮೂರು ಗೆಲಾಕ್ಸಿಗಳ ತಿರುಳಿನಲ್ಲೂ ಒಂದೊಂದು ಸಕ್ರಿಯ ಕಪ್ಪುಕುಳಿ ಇರುವುದನ್ನು ಅವರು 2021ರಲ್ಲಿ ಪ್ರಕಟಿಸಿದರು.

ಲೇಖನವನ್ನು ದೇವಯಾನಿಯಿಂದ ಆರಂಭಿಸಬೇಡಿ, ಅದು ಇನ್ನೂ ನಡೆಯದ, ನಡೆಯದೆಯೂ ಹೋಗಬಹುದಾದ ಸಂಗತಿ. ಈಗ ನಡೆಯುತ್ತಿರುವ ಆಂಟೆನಾದಿಂದ ಆರಂಭಿಸಿ. ಅದಿರುವುದು ಸುಮಾರು 7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಹಸ್ತಾ ನಕ್ಷತ್ರದ ದಿಕ್ಕಿನಲ್ಲಿ. ಹಸ್ತಾ ಮಳೆಯ ದಿನಗಳಲ್ಲಿ ಸೂರ್ಯ ಆ ಕಡೆಯೇ ಇರುವುದರಿಂದ ಅದು ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ನಿಮ್ಮ ಕಡಲದಂಡೆಯಿಂದ ದಕ್ಷಿಣದತ್ತ ನೋಡಿದರೆ ಹಸ್ತಾದ ನಾಲ್ಕು ನಕ್ಷತ್ರಗಳ ಓರೆ ಚೌಕ ಸ್ಪಷ್ಟವಾಗಿ ಸಿಗುತ್ತದೆ. ಅದರ ವಾಯವ್ಯ ಮೂಲೆಯ ನಕ್ಷತ್ರದಿಂದ ನೈಋತ್ಯಕ್ಕೆ, ಚಾಚಿದ ಕೈಯ ಎರಡು ಬೆರಳಗಲದಷ್ಟು ಸರಿದ ಜಾಗದಲ್ಲಿ ಆ ಜೋಡಿ ಇದೆ. ಬರಿಗಣ್ಣಿಗೆ ಅಲ್ಲಿ ಕತ್ತಲೆಯಷ್ಟೇ ಕಾಣುತ್ತದೆ. ಆ ಕತ್ತಲೆಯನ್ನು ಒಮ್ಮೆ ನೀವೇ ನಿಂತು ನೋಡಿ, ಮೊದಲ ಪ್ಯಾರಾವನ್ನು ಅಲ್ಲಿಂದ ಬರೆದು, ಎರಡು ಸಾವಿರ ಪದಗಳೊಳಗೆ ಮುಗಿಸಿ ಕಳುಹಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ