ಓದುಗರ ಪ್ರಶ್ನೆ: ಜಲಪಾತದಲ್ಲಿ ಈಜು ಕೈ ಹಿಡಿಯುತ್ತದಾ?

ಪ್ರಶ್ನೆ: ದಟ್ಟ ಕಾಡಿನೊಳಗಿರುವ ಒಂದು ಜಲಪಾತಕ್ಕೆ ಗೆಳೆಯರು ನಡೆದುಕೊಂಡು ಹೊರಟಿದ್ದೇವೆ. 6 ಕಿಲೋಮೀಟರ್ ದಾರಿ, ಕೊನೆಗೆ ಕಡಿದಾದ ಇಳಿಜಾರು. ಮಳೆಗಾಲ ಮುಗಿಯುತ್ತಾ ಬಂದಿದೆ, ಎಲ್ಲರಿಗೂ ಈಜು ಬರುತ್ತದೆ. ನೀರಿಗೆ ಇಳಿಯಬಹುದು ಅಲ್ವಾ?

ಉತ್ತರ: ಇಳಿಯಬಹುದು, ಆದರೆ ನೀರು ಬೀಳುವ ಜಾಗಕ್ಕೆ ಹೋಗಬೇಡಿ. ಅಲ್ಲಿ ಬೆಳ್ಳಗೆ ನೊರೆ ಏಳುತ್ತಿರುತ್ತದಲ್ಲ, ಆ ನೀರಿನಲ್ಲಿ ಗಾಳಿ ತುಂಬಾ ಬೆರೆತಿರುತ್ತದೆ, ಹಾಗಾಗಿ ಅದು ಮೈಯನ್ನು ಸರಿಯಾಗಿ ತೇಲಿಸುವುದಿಲ್ಲ. ಜೊತೆಗೆ ಬಿದ್ದ ನೀರು ತಳ ಮುಟ್ಟಿ, ಸ್ವಲ್ಪ ಮುಂದೆ ಮೇಲೆದ್ದು, ಅದರಲ್ಲೊಂದು ಪಾಲು ಮತ್ತೆ ಜಲಪಾತದ ಕಡೆಗೇ ಸುತ್ತಿಕೊಂಡು ಬರುತ್ತದೆ. ಆ ಸುಳಿಗೆ ಸಿಕ್ಕರೆ ಒಳ್ಳೆಯ ಈಜುಗಾರನೂ ಕೈಕಾಲು ಬಡಿಯುತ್ತಾ ಇದ್ದಲ್ಲೇ ಇರುತ್ತಾನೆ. ಮೇಲಿಂದ ಕಲ್ಲು, ಕೊಂಬೆ ಬೀಳುವುದು ಬೇರೆ. ಗುಂಡಿ ದಾಟಿ ನೀರು ನಿಧಾನವಾಗುವ, ತಳ ಕಾಣುವ ಕಡೆ ಇಳಿಯಿರಿ. ಬಂಡೆ ಮೇಲಿಂದ ಹಾರುವುದಂತೂ ಬೇಡವೇ ಬೇಡ.

ನೀವು ಕೇಳದೇ ಬಿಟ್ಟ ವಿಷಯವೇ ನನಗೆ ಹೆಚ್ಚು ಭಯ. ನಿಮ್ಮ ತಲೆ ಮೇಲೆ ಬಿಸಿಲಿದ್ದಾಗಲೂ ಹಳ್ಳ ಏರಬಹುದು, ಯಾಕೆಂದರೆ ಮಳೆ ಸುರಿದಿರುವುದು ಮೇಲಿನ ಗುಡ್ಡದಲ್ಲಿ, ಅದು ನಿಮಗೆ ಕಾಣುವುದೇ ಇಲ್ಲ. ಮಳೆಗಾಲದ ಕೊನೆಗೆ ಮಣ್ಣು ಕುಡಿಯುವಷ್ಟು ಕುಡಿದಿರುತ್ತದೆ, ಮತ್ತೆ ಬಿದ್ದದ್ದೆಲ್ಲ ನೇರ ಹಳ್ಳಕ್ಕೆ. ತಲುಪಿದ ಕೂಡಲೇ ಒಂದು ಬಂಡೆಯಲ್ಲಿ ನೀರು ಎಲ್ಲಿವರೆಗಿದೆ ಅಂತ ನೋಡಿಟ್ಟುಕೊಳ್ಳಿ. ತಿಳಿನೀರು ಕಂದಾದರೆ, ತರಗೆಲೆ, ಕಡ್ಡಿ ಒಟ್ಟೊಟ್ಟಿಗೆ ತೇಲಿ ಬಂದರೆ, ಸದ್ದು ಜೋರಾದರೆ ಬ್ಯಾಗು, ಬಟ್ಟೆ ಎಲ್ಲ ಬಿಟ್ಟು ಎತ್ತರಕ್ಕೆ ಹತ್ತಿ. ಫೋಟೋ ಆಮೇಲೆ! ಹಳ್ಳದ ಆಚೆ ಸಿಕ್ಕಿಕೊಂಡರೆ ಸುಮ್ನೆ ಕೂತು ಕಾಯಿರಿ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು.

ಬೆಳಿಗ್ಗೆ ಬೇಗ ಹೊರಡಿ. ಉಷ್ಣವಲಯದಲ್ಲಿ ಗುಡುಗು ಮಳೆ ಜಾಸ್ತಿ ಬರುವುದು ಮಧ್ಯಾಹ್ನದ ಮೇಲೆ, ಸೂರ್ಯ ಮುಳುಗಿದರೆ ಕತ್ತಲೂ ಬೇಗ, ಮರಗಳ ಕೆಳಗೆ ಇನ್ನೂ ಬೇಗ. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅಂತ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಲೆಕ್ಕ ಕೊಟ್ಟಿದ್ದ. ಅದು ಒಳ್ಳೆಯ ದಾರಿಗೆ. ಕೆಸರು, ಬೇರು, ಜಾರುವ ಕಲ್ಲು ಇದ್ದರೆ ಆ ಸಮಯವನ್ನು ಧಾರಾಳವಾಗಿ ಎರಡು ಪಟ್ಟು ಮಾಡಿ. ನಿಮ್ಮ ದಾರಿಯಲ್ಲಿ ಏರು ಇರುವುದು ವಾಪಸ್ ಬರುವಾಗ, ಕಾಲು ಸೋತ ಮೇಲೆ.

ಪ್ರಶ್ನೆ: ಇಂಥ ಕಾಡಿಗೆ ಹೋಗುವಾಗ ಜಿಗಣೆಗೆ ಉಪ್ಪು ಒಯ್ಯಬೇಕಾ?

ಉತ್ತರ: ಬೇಡ. ಉಪ್ಪು ಹಾಕಿದರೆ, ಬೆಂಕಿ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಬಹುದು. ಸಣ್ಣಗಿರುವ ತುದಿ ಬಾಯಿ. ಅಲ್ಲಿ ಚರ್ಮಕ್ಕೆ ಒತ್ತಿ ಉಗುರು ಸರಿಸಿ, ಆಮೇಲೆ ಇನ್ನೊಂದು ತುದಿ ಬಿಡಿಸಿ ಎಸೆಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಗಾಬರಿ ಬೇಡ. ತೊಳೆದು ಪಟ್ಟಿ ಹಾಕಿ. ಗಾಯವಿರುವ ಕಾಲನ್ನು ನಿಂತ ನೀರಿಗೆ ಇಳಿಸಬೇಡಿ, ಇಲಿಜ್ವರ ಹರಡುವುದು ಹಾಗೆಯೇ. ವಾಪಸ್ ಬಂದ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಹಳ್ಳಕ್ಕೆ ಇಳಿದಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.