ಗಂಜಿ ಸುಲಭವಾಗಿ ಇಳಿಯುತ್ತದೆ, ತೊಂದರೆ ಇರುವುದೇ ಅಲ್ಲಿ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಬದಿಯಡ್ಕದ ಹತ್ತಿರ ಮನೆ, ಅಡಿಕೆ ತೋಟ. ಮೂರೂವರೆ ತಿಂಗಳ ಹಿಂದೆ ಮಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಸರ್ಜರಿ ಆಯಿತು. ಆಗ 112 ಕಿಲೋ ಇದ್ದೆ, ಈಗ 91. ಮೊದಲು ಗಂಜಿ ತಿಳಿ, ಬೊಂಡದ ನೀರು, ಆಮೇಲೆ ಅರೆದ ಗಂಜಿ ಕುಡಿದೆ. ಈಗಲೂ ಹಿತವಾಗುವುದು ಗಂಜಿ ಒಂದೇ. ಅನ್ನ, ಚಪಾತಿ ತಿಂದರೆ ಎದೆಯಲ್ಲಿ ಕಟ್ಟಿದ ಹಾಗಾಗಿ ಬಾಯಿಗೆ ನೊರೆ ಬರುತ್ತದೆ. ಎರಡು ವಾರದಿಂದ ಬಾಚಣಿಗೆ ತುಂಬ ಕೂದಲು. ತೂಕವೂ ನಿಂತುಬಿಟ್ಟಿದೆ. "ಗಂಜಿಗಿಂತ ದೊಡ್ಡ ಮದ್ದುಂಟಾ?" ಅಂತಾರೆ ಅತ್ತೆ. ನಮ್ಮಲ್ಲಿ ಮೀನು, ಮೊಟ್ಟೆ ಇಲ್ಲ. ಬರುವ ತಿಂಗಳು ನಾದಿನಿಯ ಮನೆ ಒಕ್ಕಲು, ಊಟಕ್ಕೆ ಕೂರಲೇಬೇಕು. ಏನು ಮಾಡಲಿ?
ಹೆಸರು ಬೇಡ, ಬದಿಯಡ್ಕ

ಉತ್ತರ: ಅತ್ತೆಯವರ ಮಾತನ್ನು ತೆಗೆದುಹಾಕಲಾರೆ. ಜ್ವರ ಬಂದರೆ ಗಂಜಿ, ಬಾಣಂತಿಗೆ ಗಂಜಿ, ಸುಸ್ತಾದರೆ ಗಂಜಿ, ಹಾಗೇ ಬೆಳೆದವರು ನಾವು. ನಿಮ್ಮ ಮೊದಲ ವಾರಗಳಿಗೂ ಅದು ಸರಿಯೇ ಇತ್ತು. ಆದರೆ ಈಗ ಲೆಕ್ಕ ಬೇರೆ.

ಸ್ಲೀವ್‌ನಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಾಕಾರದ ಒಂದು ಸಣ್ಣ ಚೀಲ. ಅದರಲ್ಲಿ ಹಿಡಿಯುವುದೇ ಇಷ್ಟು, ಆ ಜಾಗವನ್ನು ಯಾವುದಕ್ಕೆ ಕೊಡುತ್ತೀರಿ ಅನ್ನುವುದೇ ಈಗ ಮುಖ್ಯ. 30 ಗ್ರಾಂ ಅಕ್ಕಿಯ ಒಂದು ಬಟ್ಟಲು ಗಂಜಿಯಲ್ಲಿ ಪ್ರೋಟೀನ್ ಎರಡು ಗ್ರಾಂ ಆಸುಪಾಸು. ದಿನಕ್ಕೆ ನಾಲ್ಕು ಬಟ್ಟಲು ಕುಡಿದರೂ ಎಂಟು. ನಿಮಗೆ ಬೇಕಾದ್ದು ಕಡಿಮೆಯೆಂದರೆ 60. ಉಳಿದದ್ದನ್ನು ದೇಹ ಎಲ್ಲಿಂದ ತರಬೇಕು? ನಿಮ್ಮದೇ ಮಾಂಸಖಂಡ ಕರಗಿಸುತ್ತದೆ. ಗಂಜಿಗೆ ಇನ್ನೊಂದು ಗುಣ ಉಂಟು, ಅದು ನಿಲ್ಲದೆ ಜಾರಿ ಇಳಿಯುತ್ತದೆ. ಹಾಗಾಗಿ ಒಂದು ಗಂಟೆಯಲ್ಲಿ ಮತ್ತೆ ಹಸಿವು, ಮತ್ತೆ ಒಂದು ಬಟ್ಟಲು.

ಮೊಟ್ಟೆ, ಮೀನು ಇಲ್ಲದ ಮನೆಯಲ್ಲಿ ಕಷ್ಟ ಜಾಸ್ತಿ, ಒಪ್ಪುತ್ತೇನೆ. ಮೀನು ತಿನ್ನುವವರಾದರೆ ಅರಿಶಿನ ಹಾಕಿ ಬೇಯಿಸಿದ ಒಂದು ಬಂಗುಡೆ ಅಂದುಬಿಡುತ್ತಿದ್ದೆ. ನಿಮ್ಮ ಅಡುಗೆಮನೆಯಲ್ಲೇ ಆಗುವಂಥದ್ದು ಹೇಳುತ್ತೇನೆ. ಬೆಳಿಗ್ಗೆ ಹಾಲಿಗೆ ಒಂದು ಸ್ಕೂಪ್ ವೇ ಪ್ರೋಟೀನ್, ಅಂದರೆ ಹಾಲಿನಿಂದಲೇ ತೆಗೆದ ಪ್ರೋಟೀನ್ ಪುಡಿ. ಇಷ್ಟರಲ್ಲೇ 25 ಗ್ರಾಂ ಬಂತು. ತಿಂಡಿಗೆ ಅಕ್ಕಿ ಬಿಟ್ಟು, ನೆನೆಸಿದ ಹೆಸರುಕಾಳು ರುಬ್ಬಿ ಮೆತ್ತಗೆ ಒಂದು ದೋಸೆ. ಮಧ್ಯಾಹ್ನ 50 ಗ್ರಾಂ ಪನ್ನೀರು ಪುಡಿಮಾಡಿ ಸಾರಿನಲ್ಲಿ ಬೇಯಿಸಿ. ಸಂಜೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ ತಿನ್ನಿ. ರಾತ್ರಿ ಚೆನ್ನಾಗಿ ಬೇಯಿಸಿದ ಸೋಯಾ ಅರೆದು ಸ್ವಲ್ಪ. ಇಷ್ಟಾದರೆ 60ರ ಹತ್ತಿರ ಬರುತ್ತದೆ. ಜಾಗ ಉಳಿದರೆ ಎರಡು ಚಮಚ ಗಂಜಿ ತಿನ್ನಿ, ನಾನೇನೂ ಬೇಡ ಅನ್ನುವುದಿಲ್ಲ. ತಂಬುಳಿ ಬಾಯಿಗೆ ರುಚಿ, ಆದರೆ ತೆಂಗಿನಕಾಯಿ ಅರೆದದ್ದೆಲ್ಲ ಪ್ರೋಟೀನ್ ಅಲ್ಲ.

ಅನ್ನ ಕಟ್ಟುವ ವಿಷಯಕ್ಕೆ ಬರೋಣ. ಸ್ಲೀವ್ ಆದ ಒಬ್ಬರು ನನ್ನೆದುರು ಊಟ ಮಾಡಿ ತೋರಿಸಿದ್ದರು: ಕುಚ್ಚಲಕ್ಕಿ ಅನ್ನದ ಒಂದು ತುತ್ತು, ಆರೇಳು ಸಲ ಅಗಿದರು, ನುಂಗಿದರು, ಕೂಡಲೇ ಮತ್ತೊಂದು ತುತ್ತು. ಮೂರನೆಯದಕ್ಕೆ ಎದೆ ಹಿಡಿದು ನೊರೆ ಉಗುಳಿದರು. ಅವರ ಹೊಟ್ಟೆಗೇನೂ ಆಗಿರಲಿಲ್ಲ, ತುತ್ತಿನ ಅವಸರ ಅಷ್ಟೇ. ಚಮಚವೂ ಕಾಫಿ ಚಮಚ ಇರಲಿ. ಬಾಯಲ್ಲೇ ಪೇಸ್ಟ್ ಆಗುವ ತನಕ ಅಗಿಯಿರಿ, ಚಮಚ ಕೆಳಗಿಟ್ಟು ಒಂದು ನಿಮಿಷ ಬಿಟ್ಟು ಮುಂದಿನ ತುತ್ತು. ಊಟಕ್ಕೆ ಅರ್ಧ ಗಂಟೆ ಹಿಡಿಯಲಿ. ಊಟದ ಜೊತೆ ನೀರು ಬೇಡ, ಆಮೇಲೂ ಅರ್ಧ ಗಂಟೆ ಬೇಡ. ಉಳಿದ ಹೊತ್ತಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ದಾಟಲೇಬೇಕು. ಬಾಟಲಿ ಸೊಂಟದ ಹತ್ತಿರವೇ ಇರಲಿ.

ಇಷ್ಟು ಮಾಡಿಯೂ ಕಟ್ಟಿದರೆ, ಅಥವಾ ನೀರೂ ಇಳಿಯದಿದ್ದರೆ, ಚೀಲ ಒಂದು ಕಡೆ ಸಣ್ಣಗಾಗಿರಬಹುದು. ಸರ್ಜನ್‌ಗೆ ಫೋನ್ ಮಾಡಿ. ಒಂದು ವಿಷಯ ಮಾತ್ರ ಮರೆಯಬೇಡಿ. ಕೆಲವು ದಿನ ಸತತ ವಾಂತಿಯಾದರೆ ವಿಟಮಿನ್ ಬಿ1 ಬೇಗ ಕಡಿಮೆಯಾಗುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ತೂಗಾಡುವುದು, ಕಾಲು ಜೋಮು ಹಿಡಿಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆ ಸುಸ್ತು ಅಂದರೆ ಪಕ್ಕದ ಕ್ಲಿನಿಕ್‌ನಲ್ಲಿ ಒಂದು ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರುವ ರೂಢಿ, ಅಲ್ವಾ? ಬಿ1 ಕಡಿಮೆ ಇರುವಾಗ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಅಪಾಯ. "ನನಗೆ ಸ್ಲೀವ್ ಆಗಿದೆ, ಮೊದಲು ಬಿ1 ಕೊಡಿ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಡಿಸ್ಚಾರ್ಜ್ ಚೀಟಿಯ ಫೋಟೋ ಫೋನಿನಲ್ಲಿರಲಿ, ಮನೆಯವರ ಫೋನಿನಲ್ಲೂ.

ಕೂದಲಿಗೆ ಹೆದರಬೇಡಿ. ಸರ್ಜರಿಯ ಹೊಡೆತಕ್ಕೆ, ಬೇಗ ತೂಕ ಇಳಿದದ್ದಕ್ಕೆ ಮೂರನೇ ತಿಂಗಳಿನಿಂದ ಕೂದಲು ಉದುರುವುದು ಸಾಮಾನ್ಯ. ಬೇರು ಸಾಯುವುದಿಲ್ಲ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಆದರೆ ನಿಮ್ಮ ಗಂಜಿ ಲೆಕ್ಕ ನೋಡಿದರೆ ಪ್ರೋಟೀನ್, ಕಬ್ಬಿಣ ಎರಡೂ ಕಡಿಮೆಯಾಗಿರಬಹುದು ಅಂತ ನನ್ನ ಗುಮಾನಿ. ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸುವುದು), ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪ್‌ನಿಂದ ಸುಮ್ನೆ ಬಯೋಟಿನ್, ಅಂದರೆ ಕೂದಲಿಗೆ ಅಂತ ಮಾರುವ ವಿಟಮಿನ್ ಮಾತ್ರೆ, ತಂದು ನುಂಗಬೇಡಿ, ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೂ ತಪ್ಪಿಸುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ಬೇಡ, ನಡುವೆ ಎರಡು ಗಂಟೆ ಬಿಡಿ. ಚಹಾದ ಜೊತೆಯಂತೂ ಬೇಡವೇ ಬೇಡ. ಈ ಮಾತ್ರೆಗಳು ಜೀವನಪೂರ್ತಿ, ಮೂರು ತಿಂಗಳ ಕೋರ್ಸ್ ಅಲ್ಲ. ಇದನ್ನು ಯಾಕೋ ಎಲ್ಲರೂ ಮರೆಯುತ್ತಾರೆ.

ತೂಕ ಎರಡು ವಾರ ನಿಲ್ಲುವುದು ಎಲ್ಲರಿಗೂ ಉಂಟು. ದಿನಾ ತೂಕದ ಯಂತ್ರದ ಮೇಲೆ ಹತ್ತಬೇಡಿ, ವಾರಕ್ಕೊಮ್ಮೆ ಸಾಕು.

ಮನೆ ಒಕ್ಕಲಿಗೆ ಧೈರ್ಯವಾಗಿ ಹೋಗಿ. ಹೊರಡುವ ಮೊದಲು ಮನೆಯಲ್ಲೇ ಪನ್ನೀರೋ ಮೊಸರೋ ತಿಂದಿರಿ. ಪಂಕ್ತಿಯಲ್ಲಿ ಬಡಿಸುವವರು ನಿಲ್ಲುವುದಿಲ್ಲ, ಅದು ನಮಗೆಲ್ಲ ಗೊತ್ತಿದ್ದದ್ದೇ. ಹಾಗಾಗಿ ಬಡಿಸುತ್ತಿರುವ ನೆಂಟರೊಬ್ಬರಿಗೆ ಮೊದಲೇ ಹೇಳಿಡಿ, ಎಲೆಗೆ ಒಂದು ಚಮಚ ಅನ್ನ ಸಾಕು ಅಂತ. ಪಾಯಸ ಮಾತ್ರ ಬಿಡಿ. ಗಂಜಿಯ ಹಾಗೇ ಜಾರಿ ಇಳಿಯುತ್ತದೆ, ಮೇಲಿಂದ ಅಷ್ಟು ಬೆಲ್ಲ. ಕೆಲವರಿಗೆ ಅರ್ಧ ಗಂಟೆಯಲ್ಲಿ ಬೆವರು, ಎದೆ ಡವಡವ, ಭೇದಿ ಶುರುವಾಗುತ್ತದೆ. ನೆಂಟರ ಮನೆಯಲ್ಲಿ ಅದು ಬೇಡ. ಯಾರಾದರೂ "ಇಷ್ಟೇನಾ?" ಅಂದರೆ ಹೊಟ್ಟೆ ಸರಿಯಿಲ್ಲ ಅಂದುಬಿಡಿ. ಸರ್ಜರಿ ಕಥೆ ಊರಿಗೆಲ್ಲ ಹೇಳಬೇಕಾಗಿಲ್ಲ.